ತುಟಿಗೆ ಒಗ್ಗಿದರೆ ತಾನೆ ಓಲಗ!

ಮದುವೆಯ ಚಪ್ಪರದಲ್ಲಿ ಓಲಗದವರ ಕಡೆ ಯಾರೂ ನೋಡುವುದಿಲ್ಲ. ಓಲಗ ನಿಂತಾಗ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಕೆಲವು ವರ್ಷಗಳ ಹಿಂದೆ ಮಡಕಶಿರಾ ಕಡೆಯ ಒಂದು ಮದುವೆಗೆ ಹೋಗಿದ್ದೆ. ಪುರೋಹಿತರು ಕೈಯೆತ್ತಿ ಗಟ್ಟಿಮೇಳವೆಂದರು. ಡೋಲು ಮೊಳಗಿತು. ನಾಗಸ್ವರದಿಂದ ಮಾತ್ರ ಸ್ವರದ ಬದಲು ಒಂದು ಸೀಳುದನಿ ಹೊರಟಿತು. ಕಣ್ಣು ಮಿಟುಕಿಸುವಷ್ಟರಲ್ಲಿ ವಾದಕರು ಬಾಯಲ್ಲಿದ್ದ ಸೀವಾಳಿಯನ್ನು ಕಿತ್ತು, ದಾರದಲ್ಲಿ ತೂಗುತ್ತಿದ್ದ ಇನ್ನೊಂದನ್ನು ಸಿಕ್ಕಿಸಿ ಊದಿಬಿಟ್ಟರು. ತಾಳಿ ಕಟ್ಟಿದ್ದಾಯಿತು. ಊಟದ ಬಳಿಕ ಅವರನ್ನು ಮಾತನಾಡಿಸಿದೆ. ಪಳಗಿಸದ ಹೊಸ ಸೀವಾಳಿಯನ್ನು ಮುಹೂರ್ತಕ್ಕೆ ತಂದದ್ದು ತನ್ನದೇ ತಪ್ಪೆಂದು ಅವರು ಸಂಕೋಚದಿಂದ ಒಪ್ಪಿಕೊಂಡರು.

ಏನಿದು ಸೀವಾಳಿ? ನಾಗಸ್ವರದ ತುದಿಯಲ್ಲಿ ಬಾಯಿಗೆ ಸಿಗುವ ಪುಟ್ಟ ಪೀಪಿ. ನದೀತೀರದಲ್ಲಿ ಬೆಳೆಯುವ ಒಂದು ಜಾತಿಯ ಜೊಂಡನ್ನು ನೆನೆಸಿ, ಬೇಯಿಸಿ, ಚಪ್ಪಟೆ ಮಾಡಿ, ನೂಲು ಬಿಗಿದು ಇದನ್ನು ತಯಾರಿಸುತ್ತಾರೆ. ಎರಡು ತೆಳು ಪದರಗಳ ನಡುವೆ ಉಸಿರು ನುಗ್ಗಿದಾಗ ಅವು ಕಂಪಿಸುತ್ತವೆ. ಆ ಕಂಪನವೇ ನಾದದ ಹುಟ್ಟು. ಉಳಿದ ಉದ್ದನೆಯ ಮರವೆಲ್ಲ ಅದನ್ನು ಸ್ವರವಾಗಿ ರೂಪಿಸಿ ಹಿಗ್ಗಿಸುವ ಸಾಧನ.

ರಾಯದುರ್ಗ ಮತ್ತು ಮಡಕಶಿರಾ ಎಂದರೆ ಕಾಸರಗೋಡಿನವರಾದ ನಮಗೆ ಒಂದು ಬಗೆಯ ನಂಟು. ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲೂಕು 1953ರಲ್ಲಿ ಆಂಧ್ರಕ್ಕೆ ಸೇರಿತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಮಡಕಶಿರಾವಂತೂ ಕರ್ನಾಟಕದ ಒಡಲೊಳಗೆ ಚಾಚಿಕೊಂಡ ಊರು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಈಗಿನ ಹೇಮಾವತಿ, ಇರುವುದು ಈ ಸೀಮೆಯಲ್ಲೇ. 2022ರಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಅಲ್ಲಿನ ಓಲಗದವರು ದಾಸರ ಪದವನ್ನೂ ಅನ್ನಮಾಚಾರ್ಯರ ಕೀರ್ತನೆಯನ್ನೂ ಒಂದೇ ಚಪ್ಪರದಲ್ಲಿ ನುಡಿಸಬಲ್ಲರು. ನಾಗಸ್ವರಕ್ಕೆ ಗಡಿಯ ತಕರಾರಿಲ್ಲ.

ಈ ಸೀಮೆಯ ಒಣಗುಡ್ಡಗಳಲ್ಲಿ ಬೆಳೆಯುವ ಕಮರದ ಮರವನ್ನೇ ತಮಿಳರು ಆಚಾ ಎನ್ನುತ್ತಾರೆ. ನಾಗಸ್ವರಕ್ಕೆ ಶ್ರೇಷ್ಠವೆಂದು ಹೆಸರಾದ ಮರ ಇದೇ. ಕುಂಭಕೋಣದ ಬಳಿಯ ನರಸಿಂಗಂಪೇಟೆಯ ಕುಶಲಿಗಳು ಇದರಿಂದ ಮಾಡುವ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಸೀವಾಳಿಯ ಜೊಂಡು ಕೂಡ ಕಾವೇರಿ ತೀರದ್ದು. ಮರ ಮನೆಯ ಹಿತ್ತಲಲ್ಲೇ ಇದ್ದರೂ ಬಾಯಿಗೆ ಬೇಕಾದ ತುಂಡಿಗೆ ದೂರದ ಸೀಮೆಯತ್ತ ನೋಡಬೇಕಾದದ್ದು ಈ ವಾದಕರ ಪಾಡು.

ಹಾಗೆ ತಂದ ಹತ್ತು ಸೀವಾಳಿಗಳಲ್ಲಿ ಒಗ್ಗುವುದನ್ನು ಆರಿಸುವುದು ಹೇಗೆ? ಮೊದಲು ಕಣ್ಣು: ಬಾಯಿಯ ಸೀಳು ಬಾದಾಮಿಯಂತೆ ಎರಡೂ ಕಡೆ ಸಮನಾಗಿ ತೆರೆದಿರಬೇಕು, ಬೆಳಕಿಗೆ ಹಿಡಿದರೆ ಎರಡು ಪದರಗಳ ದಪ್ಪದಲ್ಲಿ ಏರುಪೇರು ಕಾಣಬಾರದು. ಆಮೇಲೆ ತುಟಿ: ಚೆನ್ನಾಗಿ ನೆನೆಸಿ, ವಾದ್ಯಕ್ಕೆ ಸಿಕ್ಕಿಸದೆ ಬರಿದೇ ಊದಬೇಕು. ಅಲ್ಪ ಉಸಿರಿಗೇ ದನಿಗೊಟ್ಟರೆ ಭರವಸೆಯಿದೆ. ಕೊನೆಗೆ ವಾದ್ಯ: ಕೆಳಗಿನ ಷಡ್ಜದಿಂದ ಮೇಲಿನ ಸ್ಥಾಯಿಯವರೆಗೆ ನಿಧಾನವಾಗಿ ಹೋಗಿಬರಬೇಕು. ಗಡಸಾದರೆ ತುಟಿ ಒತ್ತಿ ಒತ್ತಿ ನೋಯುತ್ತದೆ, ಶ್ರುತಿ ಮೇಲೇರುತ್ತದೆ. ತೀರಾ ಮೆತ್ತಗಾದರೆ ಆರಂಭದಲ್ಲಿ ಹಿತವೆನಿಸಿದರೂ ಮೇಲಿನ ಸ್ವರದಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ನಿಮಿಷದ ಪರೀಕ್ಷೆ ಸಾಲದು. ಅರ್ಧ ಗಂಟೆ ಊದಿದ ಮೇಲೂ ತುಟಿ ತಕರಾರು ಹೇಳದಿದ್ದರೆ ಅದೇ ನಿಮ್ಮ ಸೀವಾಳಿ.

ಇದು ಬರಿಯ ಸುಖದ ಮಾತಲ್ಲ. ನಾಗಸ್ವರದಲ್ಲಿ ಗಮಕ ಹುಟ್ಟುವುದು ಬೆರಳಿನಿಂದಷ್ಟೇ ಅಲ್ಲ, ತುಟಿಯ ಬಿಗಿ ಮತ್ತು ಉಸಿರಿನಿಂದಲೂ. ನೋಯುವ ತುಟಿಯಲ್ಲಿ ತೋಡಿಯ ಗಾಂಧಾರ ಅಲುಗುವುದಾದರೂ ಹೇಗೆ? ಗಿಡ್ಡ ವಾದ್ಯವಾದ ತಿಮಿರಿಯ ಸೀವಾಳಿ ಉದ್ದನೆಯ ಬಾರಿ ನಾಗಸ್ವರಕ್ಕೆ ಸಲ್ಲದು. ನಾದ ತಗ್ಗಿದಷ್ಟೂ ಬಾಯಿಯ ತುಂಡು ದೊಡ್ಡದಾಗಬೇಕು.

ಪಾಶ್ಚಾತ್ಯರ ಹಿತ್ತಾಳೆ ವಾದ್ಯಗಳಲ್ಲೂ ಇದೇ ನಿಯಮ. ಬ್ಯಾಂಡಿನಲ್ಲಿ ಗಂಭೀರವಾಗಿ ಗುಡುಗುವ ಬಾಸ್ ಟ್ರೊಂಬೋನ್ ಇದೆಯಷ್ಟೆ, ಅದರ ಬಾಯಿಬಟ್ಟಲಿನ ಒಳ ಅಗಲ ಸುಮಾರು 27ರಿಂದ 29 ಮಿಲ್ಲಿಮೀಟರ್. ಸಾಮಾನ್ಯ ಟ್ರೊಂಬೋನಿನದು 25ರ ಆಸುಪಾಸು. ಅಲ್ಲಿ ಕಂಪಿಸುವುದು ಜೊಂಡಲ್ಲ, ತುಟಿಯೇ. ಅಂಚು ಕಿರಿದಾದರೆ ತುಟಿಯನ್ನು ಕೊರೆಯುತ್ತದೆ. ಅಗಲವಾದರೆ ಒತ್ತಡ ಹಂಚಿಹೋದರೂ ತುಟಿಯ ಚಲನೆಗೆ ಅಡ್ಡಿ. ಬಟ್ಟಲು ದೊಡ್ಡದಾದಷ್ಟೂ ತಗ್ಗಿನ ಸ್ವರ ಸುಲಭ, ಆದರೆ ಉಸಿರೂ ದಣಿವೂ ಹೆಚ್ಚು. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಅಲ್ಲಿ ಪ್ರತಿಯೊಂದಕ್ಕೂ ಅಂಕೆಯ ಗುರುತುಂಟು, ಒಂದು ಕಳೆದರೆ ಅದೇ ಅಂಕೆಯದನ್ನು ತರಿಸಿಕೊಳ್ಳಬಹುದು. ಸೀವಾಳಿಗೆ ಅಂಕೆಯಿಲ್ಲ. ಒಂದರಂತೆ ಇನ್ನೊಂದಿಲ್ಲ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲ್ಲಿಮೀಟರ್; ನಮ್ಮಲ್ಲಿ 3,000ಕ್ಕೂ ಮೀರಿ. ಅಲ್ಲಿ ಸೀವಾಳಿ ಒಣಗಿ ಬಿರಿಯುವ ಭಯ, ಇಲ್ಲಿ ಬೂಷ್ಟು ಹಿಡಿಯುವ ಭಯ. ಆದುದರಿಂದ ಅಲ್ಲಿ ಆಗಾಗ ನೆನೆಸಿಕೊಳ್ಳಬೇಕು, ಇಲ್ಲಿ ಊದಿದ ಮೇಲೆ ಒರಸಿ ಗಾಳಿಗಿಡಬೇಕು. ಮುಹೂರ್ತಕ್ಕೆ ಹೊರಡುವವರ ದಾರದಲ್ಲಿ ಪಳಗಿದ ಎರಡಾದರೂ ಸೀವಾಳಿಗಳಿರಬೇಕು ಎಂಬುದಕ್ಕೆ ಮಡಕಶಿರಾದ ಆ ಮದುವೆಯೇ ಸಾಕ್ಷಿ.

ನಮ್ಮ ಕರಾವಳಿಯಲ್ಲಿ ಮಂಗಳಕಾರ್ಯಗಳಿಗೆ ಸ್ಯಾಕ್ಸೋಫೋನ್ ಬಂದು ಬಹಳ ಕಾಲವಾಯಿತು. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯವರೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತದ ಗಮಕವನ್ನು ಪಳಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದವರೆಗೂ ಒಯ್ದರು. 2019ರಲ್ಲಿ ಅವರು ತೀರಿಕೊಂಡರು. ವಾದ್ಯ ಬದಲಾದರೂ ತುಟಿಗೂ ಪೀಪಿಗೂ ಇರುವ ಲೆಕ್ಕಾಚಾರ ಬದಲಾಗಲಿಲ್ಲ.

ರಾಯದುರ್ಗ, ಮಡಕಶಿರಾಗಳ ಹಳ್ಳಿಗಳಲ್ಲಿ ಓಲಗವೆಂದರೆ ಒಂದು ಮನೆಯ ಅನ್ನ. ಮದುವೆಯ ತಿಂಗಳುಗಳಲ್ಲಿ ದುಡಿದದ್ದು ಆಷಾಢಕ್ಕೆ ಉಳಿಯಬೇಕು. ತುಟಿ ಒಡೆದರೆ ರಜೆಯ ಸಂಬಳ ಕೊಡುವವರಿಲ್ಲ. ಮುಂದಿನ ಸಲ ನಿಮ್ಮ ಮನೆಯ ಚಪ್ಪರದಲ್ಲಿ ಓಲಗದವರು ಸೀವಾಳಿ ನೆನೆಸಲು ಒಂದು ಲೋಟ ನೀರು ಕೇಳಿದರೆ ತಡಮಾಡದೆ ಕೊಡಿ. ಗಟ್ಟಿಮೇಳಕ್ಕೆ ಅದೂ ಬೇಕು.