ವಿದ್ವತ್ ಸಮ್ಮೇಳನದ ಗೋಷ್ಠಿಗಳು

ವಿದ್ವತ್ ಸಮ್ಮೇಳನಗಳ ಆಹ್ವಾನಪತ್ರಿಕೆಯಲ್ಲಿ ಪ್ರಧಾನೋಪನ್ಯಾಸ, ಪ್ರಬಂಧಮಂಡನೆ, ತಜ್ಞರ ಸಂವಾದ, ಕಮ್ಮಟ, ಭಿತ್ತಿಪತ್ರ ಪ್ರದರ್ಶನ ಎಂಬ ಹೆಸರುಗಳು ಸಾಲಾಗಿ ಕಾಣುತ್ತವೆ. ಇವೆಲ್ಲ ಒಂದೇ ಬಗೆಯ ಭಾಷಣಕ್ಕೆ ಇಟ್ಟ ಬೇರೆ ಬೇರೆ ಹೆಸರುಗಳೆಂದು ಭಾವಿಸುವವರುಂಟು. ಹಾಗಲ್ಲ, ಪ್ರಶ್ನೆಗೆ ಎಷ್ಟು ಎಡೆಯಿದೆಯೆಂಬುದನ್ನು ನಿರ್ಣಯಿಸುವುದು ಗೋಷ್ಠಿಯ ರೂಪವೇ.

ಇವುಗಳಲ್ಲಿ ಹೆಚ್ಚು ರೂಢಿಯಲ್ಲಿರುವುದು ಪ್ರಬಂಧಮಂಡನೆ. 1919ರಲ್ಲಿ ಪುಣೆಯಲ್ಲಿ ಆರಂಭವಾಗಿ 1935ರಲ್ಲಿ ಮೈಸೂರಿನಲ್ಲಿಯೂ ನೆರೆದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನವು ವಿಷಯಾನುಸಾರವಾಗಿ ಶಾಖೆಗಳನ್ನು ಮಾಡಿಕೊಂಡು ಪ್ರಬಂಧಗಳನ್ನು ಓದಿಸುತ್ತ ಬಂದಿದೆ. ಅನೇಕರಿಗೆ ಅವಕಾಶ ದೊರೆಯುವುದು ಈ ಕ್ರಮದ ಗುಣ. ಆದರೆ ಲೆಕ್ಕವನ್ನು ನೋಡಬೇಕು. 90 ನಿಮಿಷಗಳ ಗೋಷ್ಠಿಯಲ್ಲಿ ತಲಾ 20 ನಿಮಿಷದ ನಾಲ್ಕು ಪ್ರಬಂಧಗಳಿದ್ದರೆ ಚರ್ಚೆಗೆ ಉಳಿಯುವುದು 10 ನಿಮಿಷ. ಒಬ್ಬೊಬ್ಬರು ಮೂರೇ ನಿಮಿಷ ಮೀರಿದರೂ ಅದೂ ಇಲ್ಲ! ಅಧ್ಯಕ್ಷರು ದಾಕ್ಷಿಣ್ಯಕ್ಕೆ ಒಳಗಾದರಂತೂ ಊಟದ ಗಂಟೆಯೇ ಚರ್ಚೆಯನ್ನು ಮುಗಿಸುತ್ತದೆ.

ಇದಕ್ಕೆ ಭಿನ್ನವಾದ ಮಾದರಿ 1911ರಲ್ಲಿ ಬ್ರಸೆಲ್ಸ್ ನಗರದಲ್ಲಿ ಸೇರಿದ ಸಾಲ್ವೆ ಭೌತವಿಜ್ಞಾನ ಗೋಷ್ಠಿ. ಲೊರೆಂಟ್ಸ್ ಅಧ್ಯಕ್ಷರಾಗಿದ್ದ ಆ ಸಭೆಗೆ ಕರೆಯಲಾದವರು ಬೆರಳೆಣಿಕೆಗೆ ಸಿಕ್ಕುವ ವಿದ್ವಾಂಸರು. ವರದಿಗಳು ಮೊದಲೇ ಸಿದ್ಧವಾಗಿದ್ದುದರಿಂದ ಕಾಲವು ವಿಮರ್ಶೆಗೆ ದೊರೆಯಿತು. ನಡಾವಳಿಯಲ್ಲಿ ವರದಿಯೊಡನೆ ಚರ್ಚೆಯೂ ಅಚ್ಚಾಯಿತು. ನಮ್ಮ ಸ್ಮರಣಸಂಚಿಕೆಗಳಲ್ಲಿ ಪ್ರಬಂಧಗಳಿರುತ್ತವೆ, ಪ್ರಶ್ನೆಗಳು ಮಾತ್ರ ಗಾಳಿಗೆ ಹೋಗಿರುತ್ತವೆ.

ಪ್ರಶ್ನೆಯನ್ನು ಉಳಿಸುವುದು ನಮಗೆ ಹೊಸದೇನೂ ಅಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದು ಶೂನ್ಯಸಂಪಾದನೆಯನ್ನು ರಚಿಸಿದರು. ಅಲ್ಲಿ ಅಕ್ಕಮಹಾದೇವಿಯ ನಿಲವು ಬೆಳಗುವುದು ಅಲ್ಲಮಪ್ರಭುವಿನ ನಿಷ್ಠುರ ಪ್ರಶ್ನೆಗಳ ಎದುರಿನಲ್ಲಿ.

ತಜ್ಞರ ಸಂವಾದವೆಂಬುದು ಹೆಸರಿಗೆ ಸಂವಾದ. ನಿರ್ವಾಹಕರು ಸಮರ್ಥರಲ್ಲದಿದ್ದರೆ ನಾಲ್ಕು ಕಿರುಭಾಷಣಗಳ ಮೊತ್ತವಷ್ಟೆ. ಕಮ್ಮಟವು ಕಲಿಕೆಗೆ ಸಂಬಂಧಿಸಿದ್ದು.

1970ರ ದಶಕದಿಂದ ವಿಜ್ಞಾನ ಸಮ್ಮೇಳನಗಳಲ್ಲಿ ಹಬ್ಬಿದ ಭಿತ್ತಿಪತ್ರ ಪ್ರದರ್ಶನವನ್ನು ನಮ್ಮ ಪಂಡಿತರು ಕಿರಿಯರಿಗೆಂದು ಬಿಟ್ಟಿದ್ದಾರೆ. ಶಾಸನಾಧ್ಯಯನಕ್ಕೆ ಇದಕ್ಕಿಂತ ಯೋಗ್ಯವಾದ ರೂಪವಿಲ್ಲವೆಂದು ನಮಗೆ ತೋರುತ್ತದೆ. ಪಡಿಯಚ್ಚನ್ನೂ ಪಾಠವನ್ನೂ ಒಂದರ ಪಕ್ಕದಲ್ಲೊಂದು ತೂಗುಹಾಕಿ, ಸಂಶೋಧಕನು ಅಲ್ಲಿಯೇ ನಿಂತಿದ್ದರೆ, ಬಲ್ಲವರೊಬ್ಬರು ಸವೆದ ಅಕ್ಷರವೊಂದರ ಮೇಲೆ ಬೆರಳಿಟ್ಟು ಹೀಗೇಕೆ ಓದಿದಿರಿ ಎಂದು ಕೇಳಬಹುದು. ಪಾಠವು ಅಚ್ಚಿಗೆ ಹೋಗುವ ಮೊದಲೇ ತಿದ್ದುಪಡಿಯಾಗುತ್ತದೆ.