ಹೊಗೆ ಮರಳಿ ಎಂಜಿನ್ನಿಗೆ ಹೋಗುವುದೇಕೆ?

ಕಾಫಿ ಮೂಟೆ, ಅಡಿಕೆ ಚೀಲ ಹೇರಿಕೊಂಡು ಘಾಟಿ ಹತ್ತುವಾಗ ಡೀಸೆಲ್ ಪಿಕಪ್ಪು ಎಳೆಯುವುದಿಲ್ಲ, ಕಪ್ಪು ಹೊಗೆ ಕಾರುತ್ತದೆ, ಮೀಟರಿನಲ್ಲಿ ಹಳದಿ ದೀಪ ಹತ್ತಿಕೊಂಡೇ ಇರುತ್ತದೆ ಎಂದು ಬೆಳೆಗಾರ ಬಂಧುಗಳು ಹೇಳುವುದುಂಟು. ವರ್ಕ್‌ಷಾಪಿನವರು ‘ಇ.ಜಿ.ಆರ್. ವಾಲ್ವ್ ಕಟ್ಟಿದೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹೊಸದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಇದೇನೆಂದು ತಿಳಿದಿರುವುದು ಒಳ್ಳೆಯದು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇವೆರಡೂ ಸಾಮಾನ್ಯವಾಗಿ ತಮ್ಮ ಪಾಡಿಗೆ ತಾವಿರುತ್ತವೆ. ಸಿಲಿಂಡರಿನೊಳಗೆ ಉರಿಯ ಕಾವು ವಿಪರೀತ ಏರಿದಾಗ ಮಾತ್ರ ಕೂಡಿಕೊಂಡು ಶ್ವಾಸಕೋಶಕ್ಕೆ ಕೇಡು ಮಾಡುವ ಆಕ್ಸೈಡುಗಳಾಗುತ್ತವೆ. ಕಾವು ತಗ್ಗಿಸಿದರೆ ಇವೂ ತಗ್ಗುತ್ತವೆ. ಅದಕ್ಕಾಗಿಯೇ ಉರಿದು ಹೊರಬಂದ ಹೊಗೆಯ ಒಂದು ಪಾಲನ್ನು, ನೀರು ಹರಿಯುವ ಕೂಲರಿನಲ್ಲಿ ತಣಿಸಿ, ಹೊಸ ಗಾಳಿಯೊಡನೆ ಮತ್ತೆ ಒಳಗೆ ಬಿಡುತ್ತಾರೆ. ಅದರಲ್ಲಿ ಆಮ್ಲಜನಕ ಕಡಿಮೆ. ಧಗಧಗ ಉರಿಯುವ ಒಲೆಗೆ ಒಂದು ಹಸಿ ಸೌದೆ ತುರುಕಿದಂತೆ ಉರಿ ಮೆತ್ತಗಾಗುತ್ತದೆ.

ಎಷ್ಟು ಹೊಗೆ, ಯಾವಾಗ ಎಂಬುದರಲ್ಲೇ ಮರ್ಮವಿದೆ. ಹಳೆಯ ಗಾಡಿಗಳಲ್ಲಿ ಎಂಜಿನ್ನಿನ ನಿರ್ವಾತವೇ ವಾಲ್ವನ್ನು ಎಳೆಯುತ್ತಿತ್ತು. ಈಗ ಪುಟ್ಟ ಕಂಪ್ಯೂಟರೊಂದು ನೀರಿನ ಕಾವು, ಆಕ್ಸಿಲರೇಟರ್ ಎಷ್ಟು ತುಳಿದಿದೆ, ಎಷ್ಟು ಗಾಳಿ ಒಳಬರುತ್ತಿದೆ ಎಂದು ನೋಡಿ ಅಪ್ಪಣೆ ಕೊಡುತ್ತದೆ. ಸಮ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ವಾಲ್ವ್ ತೆರೆದಿರುತ್ತದೆ. ಭಾರ ಹೊತ್ತು ಏರು ಹತ್ತುವಾಗ ಗಾಳಿಯೆಲ್ಲ ಬೇಕು, ಆಗ ಮುಚ್ಚಬೇಕು. ಅಪ್ಪಣೆಯಂತೆ ವಾಲ್ವ್ ಚಲಿಸದಿದ್ದರೆ ಆ ಹಳದಿ ದೀಪ.

ತೊಂದರೆ ಮಸಿಯದು. ಹೊಗೆಯ ಮಸಿ, ಎಂಜಿನ್ ಆಯಿಲಿನ ಆವಿ ಸೇರಿ ಡಾಂಬರಿನಂತೆ ಅಂಟುತ್ತದೆ. ಮನೆಯಿಂದ ಗೋಡೌನಿಗೆ, ಗೋಡೌನಿನಿಂದ ಕಣಕ್ಕೆ ಎಂದು ಒಂದು, ಎರಡನೆಯ ಗೇರಿನಲ್ಲೇ ಓಡುವ ನಮ್ಮ ಗಾಡಿಗಳಲ್ಲಿ ಇದು ಬೇಗ. ವಾಲ್ವ್ ಅರೆತೆರೆದು ಸಿಕ್ಕಿಕೊಂಡರೆ ಏರಿನಲ್ಲೂ ಹೊಗೆಯೇ ಒಳನುಗ್ಗಿ, ಡೀಸೆಲ್ ಪೂರ್ತಿ ಉರಿಯದೆ ಕಪ್ಪಾಗಿ ಹೊರಬರುತ್ತದೆ.

ನಮ್ಮ ಗಾಡಿಗೂ ಹೀಗಾಗಿ, ಮೆಕ್ಯಾನಿಕ್ಕರೊಬ್ಬರ ಮಾತು ಕೇಳಿ ತಗಡು ಇಟ್ಟು ದಾರಿ ಮುಚ್ಚಿಸಿದ್ದೆವು. ಎಳೆತ ಮರಳಿತು, ದೀಪ ಮಾತ್ರ ಆರಲಿಲ್ಲ. ಕಂಪ್ಯೂಟರ್ ಆಗಾಗ ಎಂಜಿನ್ನಿನ ಶಕ್ತಿಯನ್ನೇ ಕಡಿತ ಮಾಡತೊಡಗಿತು. ಹಾಗೆ ಮುಚ್ಚುವುದು ಕಾನೂನಿಗೂ ವಿರುದ್ಧವೆಂದು ಆಮೇಲೆ ತಿಳಿಯಿತು. ತಗಡು ತೆಗೆಸಿ, ವಾಲ್ವ್ ಬಿಚ್ಚಿಸಿ ಮಸಿ ತೊಳೆಸಿದೆವು. ಹೊಸದು ಬೇಕಾಗಲೇ ಇಲ್ಲ.

ಧೂಳು ಕಟ್ಟಿದ ಏರ್ ಫಿಲ್ಟರ್, ಬಿರುಕು ಬಿಟ್ಟ ಹೋಸುಗಳಿಂದಲೂ ಇದೇ ಕಪ್ಪು ಹೊಗೆ ಬರಬಹುದು. ಬಿಚ್ಚುವ ಮೊದಲು ಅವನ್ನು ನೋಡಿಸಿರಿ.