ಕುದುರೆ ದಾರಿಯ ಚರ್ಚು

ಉದ್ದ 29 ಅಡಿ, ಅಗಲ 21 ಅಡಿ. ಹಳ್ಳಿಯ ದೊಡ್ಡ ಮನೆಯೊಂದರ ಪಡಸಾಲೆಯಷ್ಟೇ ಜಾಗ. ಕೊಡಲಿಯಲ್ಲಿ ಕೆತ್ತಿದ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿದ ಗೋಡೆ, ಒಳಗೆ ಒರಟು ಬೆಂಚುಗಳು, ಮೇಲೆ ಅಟ್ಟ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮನ್ರೋ ಕೌಂಟಿಯಲ್ಲಿ, ಯೂನಿಯನ್ ಎಂಬ ಪುಟ್ಟ ಊರಿನ ಬಳಿ ಇರುವ ಈ ರೆಹೋಬೋತ್ ಚರ್ಚನ್ನು ಕಟ್ಟಿದ್ದು 1786ರಲ್ಲಿ. ಅಲೆಘೆನಿ ಬೆಟ್ಟಸಾಲಿನ ಪಶ್ಚಿಮಕ್ಕೆ ಉಳಿದಿರುವ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಇದೇ ಅತಿ ಹಳೆಯದೆಂದು ಹೆಸರಾಗಿದೆ.

ಜಾಗ ಕೊಟ್ಟವನು ಎಡ್ವರ್ಡ್ ಕೀನನ್ ಎಂಬ ವಲಸೆಗಾರ. ಹೆಸರು ಬಂದದ್ದು ಬೈಬಲಿನ ಆದಿಕಾಂಡದಿಂದ. ಇಸಾಕನ ಆಳುಗಳು ತೋಡಿದ ಎರಡು ಬಾವಿಗಳಿಗೆ ಜಗಳವಾಗುತ್ತದೆ. ಮೂರನೆಯದಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಆ ಬಾವಿಗೆ ಅವನಿಟ್ಟ ಹೆಸರು ರೆಹೋಬೋತ್, ಅಂದರೆ ವಿಶಾಲವಾದ ಎಡೆ.

ಆದರೆ ಚರ್ಚು ನಿಂತಿರುವ ಈ ಕಣಿವೆ ತಕರಾರಿಲ್ಲದ ನೆಲವಾಗಿರಲಿಲ್ಲ. ಇದು ಶಾನಿ ಎಂಬ ಮೂಲನಿವಾಸಿ ಜನರು ಬೇಟೆಯಾಡುತ್ತಿದ್ದ ಸೀಮೆ. ತಮ್ಮ ನೆಲ ಕೈತಪ್ಪುತ್ತಿದ್ದುದನ್ನು ಕಂಡ ಅವರು ತಿರುಗಿಬಿದ್ದಿದ್ದರು. 1778ರಲ್ಲಿ ಈ ಕಣಿವೆ ಸೇರಿದ ಗ್ರೀನ್‌ಬ್ರಯರ್ ಪ್ರದೇಶದ ಡೊನಾಲಿ ಕೋಟೆಯ ಮೇಲೆ ದಾಳಿ ನಡೆದಿತ್ತು. ಹಾಗಾಗಿ ಆರಾಧನೆಗೆ ಬರುವವರು ಬಂದೂಕು ಹಿಡಿದೇ ಬರುತ್ತಿದ್ದರು. ಈ ಚರ್ಚಿನ ಕಥೆ ಹೇಳುವಾಗ ಹೊರಗಿನ ಆ ಕಾಡಿನ ಹಕ್ಕುದಾರರನ್ನು ಮರೆಯುವುದು ನ್ಯಾಯವಲ್ಲ.

1788ರ ಜುಲೈನಲ್ಲಿ ಈ ಚರ್ಚನ್ನು ಪ್ರತಿಷ್ಠೆ ಮಾಡಲು ಬಂದವರು ಮೆಥಡಿಸ್ಟ್ ಪಂಥದ ಬಿಷಪ್ ಫ್ರಾನ್ಸಿಸ್ ಆಸ್ಬರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿ 1745ರಲ್ಲಿ ಹುಟ್ಟಿದ ಅವರು 1771ರಲ್ಲಿ ಫಿಲಡೆಲ್ಫಿಯಾದಲ್ಲಿ ಹಡಗಿಳಿದವರು ಮತ್ತೆ ತಾಯ್ನಾಡಿಗೆ ಮರಳಲಿಲ್ಲ. ಅವರಿಗೆ ಸ್ವಂತ ಮನೆ ಇರಲಿಲ್ಲ, ಮದುವೆಯೂ ಆಗಲಿಲ್ಲ. 1816ರಲ್ಲಿ ತೀರಿಕೊಳ್ಳುವವರೆಗೂ ಬಹುಪಾಲು ಕುದುರೆಯ ಮೇಲೆಯೇ ತಿರುಗಿದರು. ಆ ಓಡಾಟ ಎರಡೂವರೆ ಲಕ್ಷ ಮೈಲಿ ದಾಟಿತೆಂದು ಲೆಕ್ಕ. ರೆಹೋಬೋತ್‌ನಿಂದ ಮುಂದಕ್ಕೆ ಬೆಟ್ಟ ಹತ್ತಿಳಿದು ಹೋದ ಆ ಜುಲೈನ ದಿನಚರಿಯಲ್ಲಿ ಚಿಗಟ ತುಂಬಿದ ಹಾಸಿಗೆಗಳ ಗೋಳಿದೆ. ಶುಚಿಯಾದ ಒಂದು ಹಲಗೆ ಸಿಕ್ಕಿದರೆ ಸಾಕು ಎಂದು ಬಿಷಪ್ ಹಂಬಲಿಸುತ್ತಾರೆ!

ಅವರ ಕೈಕೆಳಗಿನ ಪಾದ್ರಿಗಳ ಪಾಡೂ ಅಷ್ಟೇ. ಒಬ್ಬೊಬ್ಬರಿಗೆ ಒಂದೊಂದು ಸುತ್ತು: ಕಾಡಿನ ನಡುವೆ ಚದುರಿದ ಹಲವಾರು ನೆಲೆಗಳು, ಎಲ್ಲವನ್ನೂ ಮುಗಿಸಿ ಮೊದಲಿನ ಜಾಗಕ್ಕೆ ಬರಲು ನಾಲ್ಕಾರು ವಾರ. ವರ್ಷದ ಸಂಬಳ 64 ಡಾಲರ್. ಅದು 80 ಆದದ್ದು 1800ರಲ್ಲಿ. ಜೀನಿನ ಚೀಲದಲ್ಲಿ ಬೈಬಲ್, ಹಾಡಿನ ಪುಸ್ತಕ, ಒಂದು ಜೊತೆ ಬಟ್ಟೆ. ಪಾದ್ರಿ ಇಲ್ಲದ ವಾರಗಳಲ್ಲಿ ಸಭೆಯನ್ನು ನಡೆಸುತ್ತಿದ್ದವರು ಊರಿನವರೇ. ಹತ್ತು ಹನ್ನೆರಡು ಜನರ ‘ಕ್ಲಾಸ್’ ಒಂದು ಮನೆಯಲ್ಲಿ ಸೇರಿ, ಒಬ್ಬರಿಗೊಬ್ಬರು ವಾರದ ಬದುಕಿನ ಲೆಕ್ಕ ಒಪ್ಪಿಸಬೇಕಿತ್ತು. ಮೆಥಡಿಸ್ಟರು ಗಡಿನಾಡಿನಲ್ಲಿ ಅಷ್ಟು ಬೇಗ ಬೇರೂರಿದ್ದರ ಗುಟ್ಟು ಇಲ್ಲಿದೆ. ಅವರಿಗೆ ಕಟ್ಟಡ ಬೇಕೇಬೇಕೆಂದಿರಲಿಲ್ಲ, ಕಲಿತ ಪಾದ್ರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿಯೂ ಇರಲಿಲ್ಲ. 1784ರಲ್ಲಿ ಹದಿನೈದು ಸಾವಿರದ ಆಸುಪಾಸಿನಲ್ಲಿದ್ದ ಸದಸ್ಯರು ಆಸ್ಬರಿ ಸಾಯುವ ಹೊತ್ತಿಗೆ ಎರಡು ಲಕ್ಷ ದಾಟಿದ್ದರು.

ಈ ಓಟದಲ್ಲಿ ಬಿಟ್ಟುಹೋದದ್ದೂ ಇದೆ. ಗುಲಾಮರನ್ನು ಇಟ್ಟುಕೊಂಡವರು ಅವರನ್ನು ಬಿಡುಗಡೆ ಮಾಡಬೇಕೆಂದು 1784ರಲ್ಲಿ ಮಾಡಿದ ನಿಯಮವನ್ನು ಮರುವರ್ಷವೇ ತಡೆಹಿಡಿಯಲಾಯಿತು. ಅದೇ ಪ್ರಶ್ನೆಯ ಮೇಲೆ 1844ರಲ್ಲಿ ಸಭೆ ಇಬ್ಭಾಗದ ಹಾದಿ ಹಿಡಿಯಿತು.

ಕುದುರೆ ದಾರಿಯ ಪರಂಪರೆ ಬೆಂಗಳೂರಿಗೂ ಬಂದಿದೆ. ವರ್ಜೀನಿಯಾದಲ್ಲಿ 1821ರಲ್ಲಿ ಹುಟ್ಟಿದ ವಿಲಿಯಂ ಟೇಲರ್, ಚಿನ್ನದ ಬೇಟೆಯ ಕಾಲದ ಸ್ಯಾನ್ ಫ್ರಾನ್ಸಿಸ್ಕೊ ಬೀದಿಗಳಲ್ಲಿ ಬೋಧಿಸಿದವರು. 1870ರ ದಶಕದಲ್ಲಿ ಬೆಂಗಳೂರಿಗೆ ಬಂದು ಮೆಥಡಿಸ್ಟ್ ಸಭೆ ಕಟ್ಟಿದರು. ಬಾಲ್ಡ್‌ವಿನ್ ಶಾಲೆಗಳು ಆ ಸಭೆಯ ಕೆಲಸದಿಂದ ಬೆಳೆದವು.

ರೆಹೋಬೋತ್‌ನ ದಿಮ್ಮಿಗಳು ಮಳೆ, ಹಿಮಕ್ಕೆ ಸಿಕ್ಕಿ ಕೊಳೆಯದಂತೆ ಇಡೀ ಚರ್ಚಿನ ಮೇಲೆ ಈಗ ಇನ್ನೊಂದು ಚಾವಣಿಯಿದೆ. ಸುತ್ತ ಹಳೆಯ ಸಮಾಧಿಗಳಿವೆ.